ಬೆಳಕಿಂಡಿಯಿಂದ ಇಳಿದ ಗುಳಿಗೆ, ಟಂಟಂ ಹತ್ತಿ ಹೋದವನು: ಒಂದು ಒತ್ತೆ ಪ್ರಕರಣ

ಕಲಬುರಗಿ ಜಿಲ್ಲೆಯಲ್ಲಿ ತೆಲಂಗಾಣ ಗಡಿಗೆ ಹತ್ತಿರದ ಒಂದು ಹಳ್ಳಿ. ಊರಿನ ಹೆಸರು, ವರ್ಷ, ಮನೆಯವರ ಹೆಸರು ಯಾವುದನ್ನೂ ಬರೆಯುತ್ತಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಆಗ ನಾನು ಅಲ್ಲಿನ ಪೊಲೀಸ್ ಠಾಣೆಯ ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್). ಎಂಟೂವರೆ ತಾಸು ಒಂದು ಮನೆಯ ಮುಂದೆ ನಿಂತಿದ್ದೆವು. ಒತ್ತೆಯಾಗಿದ್ದ ಮೂವರೂ ಜೀವಂತ ಹೊರಗೆ ಬಂದರು, ಅವರನ್ನು ಹಿಡಿದಿಟ್ಟವನೂ ಬಂದ. ಕಾಗದದ ಮೇಲೆ ಇದು ಗೆದ್ದ ಕೇಸು. ಆದರೆ ಕಳ್ಳರು ಇಬ್ಬರಿದ್ದರು. ಎರಡನೆಯವನು ನಮ್ಮ ಕಣ್ಣೆದುರಿಗೇ ಹೋದ. ತರಬೇತಿಗೆ ಬರುವ ಹುಡುಗರಿಗೆ ನಾನು ಜಾಸ್ತಿ ಹೇಳುವುದು ಅವನ ಕಥೆಯನ್ನೇ.

ಊರು ಮತ್ತು ಮಾಳಿಗೆ

ಡಿಸೆಂಬರ್ ತಿಂಗಳು. ಎಳ್ಳ ಅಮಾವಾಸ್ಯೆಗೆ ಇನ್ನೂ ಆರು ದಿನ. ಹೊಲದಲ್ಲಿ ತೊಗರಿ ಆಳೆತ್ತರ ನಿಂತಿತ್ತು, ಮುಂಚೆ ಬಿತ್ತಿದವರು ಕೊಯ್ಲು ಶುರು ಮಾಡಿದ್ದರು. ತೊಗರಿ ಬಂತೆಂದರೆ ನಮ್ಮ ಕಡೆ ರೊಕ್ಕ ಓಡಾಡುತ್ತದೆ. ಆ ಊರಲ್ಲಿ ಕಾಳು ಖರೀದಿಸಿ ಕಲಬುರಗಿಯ ಅಡತ್ ಅಂಗಡಿಗೆ ಕಳಿಸುವ ವ್ಯಾಪಾರಿಯೊಬ್ಬರಿದ್ದರು. ಮಧ್ಯಾಹ್ನ ಎರಡೂವರೆಗೆ ಇಬ್ಬರು ಮುಖಕ್ಕೆ ಟವೆಲ್ ಸುತ್ತಿಕೊಂಡು ಅವರ ಮನೆಗೆ ನುಗ್ಗಿದರು. ಒಬ್ಬನ ಕೈಯಲ್ಲಿ ಕಂಟ್ರಿ ಪಿಸ್ತೂಲು, ಇನ್ನೊಬ್ಬನ ಕೈಯಲ್ಲಿ ಚಾಕು. ಅಡ್ಡ ಬಂದ ಮುನೀಮನ ತೋಳಿಗೆ ಚಾಕು ಬಿತ್ತು. ಹೆಂಗಸರು ಕೂಗಿಕೊಂಡರು. ರೊಕ್ಕ ಸಿಗಲಿಲ್ಲ, ಓಡಿ ಬಂದು ಬೈಕ್ ಒದ್ದರೆ ಅದೂ ಚಾಲೂ ಆಗಲಿಲ್ಲ. ಮಂದಿ ಕಲ್ಲು ಹಿಡಿದು ಬೆನ್ನು ಹತ್ತಿದರು. ಇಬ್ಬರೂ ಒಂದು ಓಣಿಗೆ ನುಗ್ಗಿದ್ದನ್ನು ಊರೇ ನೋಡಿತು. ಆಮೇಲೆ ಒಂದು ಮನೆಯ ಬಾಗಿಲು ಧಡ್ ಎಂದು ಮುಚ್ಚಿತು. ಒಳಗಿದ್ದವರು ಒಬ್ಬ ಮುದುಕಿ, ಆಕೆಯ ಸೊಸೆ, ಆರು ವರ್ಷದ ಮೊಮ್ಮಗಳು.

ಈ ಮನೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಮುಂದೆ ನಡೆದದ್ದೆಲ್ಲ ಇದರ ಮೇಲೇ ನಿಂತಿದೆ. ಹಳೇ ಕಾಲದ ಮಾಳಿಗೆ ಮನೆ. ದಪ್ಪ ಕಲ್ಲಿನ ಗೋಡೆ, ಮೇಲೆ ಕಟ್ಟಿಗೆ ತೊಲೆ, ಅದರ ಮೇಲೆ ಮಣ್ಣು. ನಡುಮನೆಗೆ ಕಿಟಕಿ ಇಲ್ಲ. ಬೆಳಕು ಬರುವುದು ಮಾಳಿಗೆಯ ನಡುವೆ ಬಿಟ್ಟ ಒಂದೂವರೆ ಅಡಿಯ ಬೆಳಕಿಂಡಿಯಿಂದ. ಮಳೆ ಬಂದರೆ ಮೇಲೆ ಹತ್ತಿ ಪರಸಿ ಕಲ್ಲು ಮುಚ್ಚುತ್ತಾರೆ. ಓಣಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ. ಹಿಂದೆ ಹಿತ್ತಲ ಬಾಗಿಲು, ಅದನ್ನು ದಾಟಿದರೆ ತಿಪ್ಪೆ, ತಿಪ್ಪೆ ದಾಟಿದರೆ ಇನ್ನೊಂದು ಓಣಿ.

ಮೊದಲ ಅರ್ಧ ತಾಸು

ನಾನು ತಲುಪಿದಾಗ 3 ಗಂಟೆ 5 ನಿಮಿಷ. ಬೀಟ್‌ನಲ್ಲಿದ್ದ ನಮ್ಮ ಹೆಡ್ ಕಾನ್‌ಸ್ಟೆಬಲ್ ಆಗಲೇ ಬಂದು, ಊರ ಹುಡುಗರ ಜೊತೆ ಸೇರಿ ಬಾಗಿಲು ಒದ್ದಿದ್ದರು. ಒಳಗಿನಿಂದ ಗುಂಡು ಹಾರಿತ್ತು. ಗುಂಡು ತಾಗಲಿಲ್ಲ, ಬಾಗಿಲಿನ ಚೆಕ್ಕೆ ಸಿಡಿದು ಅವರ ಕೆನ್ನೆ ಹರಿದಿತ್ತು. ಅವರನ್ನು ತಪ್ಪಿತಸ್ಥರೆಂದು ನಾನು ಎಂದೂ ಬರೆದಿಲ್ಲ. ಒಳಗೆ ಕೂಸು ಅಳುತ್ತಿರುವಾಗ ಕೈ ಕಟ್ಟಿ ನಿಲ್ಲು ಅಂತ ಯಾರಿಗೂ ಯಾರೂ ಕಲಿಸಿರಲಿಲ್ಲ. ನಾನಿದ್ದರೂ ಒದೆಯುತ್ತಿದ್ದೆನೇನೋ.

ನಿಜವಾದ ತಪ್ಪು ಬೇರೆ. ಆ ಅರ್ಧ ತಾಸು ಎಲ್ಲರೂ ಮುಂದಿನ ಬಾಗಿಲನ್ನೇ ನೋಡುತ್ತಿದ್ದರು. ಹಿತ್ತಲಿಗೆ ಇಬ್ಬರನ್ನು ಕಳಿಸಿದ್ದು ನಾನು ಬಂದ ಮೇಲೆ. ಅಲ್ಲಿ ಹೋಗಿ ನೋಡಿದಾಗ ಬಾಗಿಲು ಒಳಗಿನಿಂದ ಭದ್ರವಾಗಿ ಹಾಕಿತ್ತು. ಸರಿ, ಇಬ್ಬರೂ ಒಳಗಿದ್ದಾರೆ ಅಂದುಕೊಂಡೆವು. ಬಾಗಿಲು ಹಾಕಿದೆ ಅಂದರೆ ಒಳಗೆ ಒಬ್ಬನಾದರೂ ಇದ್ದಾನೆ ಎಂದಷ್ಟೇ ಅರ್ಥ, ಅಲ್ವಾ? ಇಬ್ಬರು ಇದ್ದಾರೆ ಅಂತ ಅರ್ಥವಲ್ಲ. ಇದು ಹೊಳೆಯಲು ನನಗೆ ನಾಲ್ಕೂವರೆ ತಾಸು ಬೇಕಾಯಿತು.

ನಾನು ಗೋಡೆ ಮರೆಗೆ ನಿಂತು ಕೂಗಿದೆ: “ಯಾರಪಾ ಒಳಗ? ನಾ ಪಿಎಸ್‌ಐ ಮಾತಾಡ್ಲತ್ತೀನಿ. ಯಾರಿಗೂ ಏನೂ ಮಾಡಬ್ಯಾಡ.”

ಒಳಗಿನಿಂದ ಬಂದ ಮೊದಲ ಮಾತು: “ಮೊದಲ ಮಂದೀನ ಸರಸ್ರಿ.”

ಆಮೇಲೆ ಅವನು ಗಾಡಿ ಕೇಳಿದ. ಡೀಸೆಲ್ ತುಂಬಿದ ಜೀಪು ಬೇಕು, ಇಲ್ಲದಿದ್ದರೆ ಮುದುಕಿಯನ್ನು ಮುಗಿಸುತ್ತೇನೆ ಅಂದ. ನಾನು ಜೀಪಿನ ಮಾತಿಗೇ ಅಂಟಿಕೊಂಡೆ. ಕೊಡಬೇಕೋ ಬೇಡವೋ, ಕೊಟ್ಟರೆ ಎಲ್ಲಿ ಅಡ್ಡಗಟ್ಟಬೇಕು, ಮೇಲಿನವರಿಗೆ ಏನು ಹೇಳಬೇಕು. ಮಾತಾಡುವವನೂ ನಾನೇ, ಫೋನ್ ಎತ್ತುವವನೂ ನಾನೇ, ಮಂದಿಯನ್ನು ತಳ್ಳುವವನೂ ನಾನೇ. ಸುಮ್ನೆ ಓಡಾಡಿದ್ದೇ ಬಂತು, ಎರಡು ತಾಸು ಹೋಯಿತು.

ಡೈರಿಯಲ್ಲಿದ್ದ ಸಾಲು

ಐದು ಗಂಟೆ ಹೊತ್ತಿಗೆ ಸರ್ಕಲ್ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಬಂದವರು ಮೊದಲು ಮಾಡಿದ್ದು ಕೆಲಸ ಹಂಚಿದ್ದು. “ಇನ್ನ ನೀ ಬರೇ ಮಾತಾಡು. ಆರ್ಡರ್ ನಾ ಕೊಡ್ತೀನಿ. ಅಂವ ಏನರ ಕೇಳಿದ್ರ, ನನ್ನ ಕೈಯಾಗಿಲ್ಲ, ಸಾಹೇಬ್ರನ್ನ ಕೇಳಿ ಹೇಳ್ತೀನಿ ಅನ್ನು.” ಇದು ಅವರ ಸ್ವಂತ ಬುದ್ಧಿಯೋ, ಎಲ್ಲಾದರೂ ಕಲಿತದ್ದೋ ಕೇಳಲಿಲ್ಲ. ಆಮೇಲೆ ಓದಿದೆ. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ಆಟಗಾರರನ್ನು ಒತ್ತೆ ಇಟ್ಟು ಎಲ್ಲ ಕೆಟ್ಟುಹೋದ ಮೇಲೆ, 1973ರಲ್ಲಿ ನ್ಯೂಯಾರ್ಕ್ ಪೊಲೀಸರು ಮಾತುಕತೆಗೆಂದೇ ಒಂದು ತಂಡ ಕಟ್ಟಿದರು. ಮಾತಾಡುವವನು ಆಜ್ಞೆ ಕೊಡಬಾರದು, ಆಜ್ಞೆ ಕೊಡುವವನು ಮಾತಾಡಬಾರದು ಅನ್ನುವುದು ಆ ಕೆಲಸದ ಮೂಲ ನಿಯಮ. ಕಾರಣ ಸರಳ. ಎಲ್ಲಾ ಅಧಿಕಾರ ಇರುವವನು ‘ಹೂಂ’ ಅಥವಾ ‘ಇಲ್ಲ’ ಅಂತ ತಕ್ಷಣ ಹೇಳಬೇಕಾಗುತ್ತದೆ. ಅಧಿಕಾರ ಇಲ್ಲದವನು ಹೊತ್ತು ತಳ್ಳಬಹುದು, ಅದೂ ಸುಳ್ಳು ಹೇಳದೆ.

ಎರಡನೆಯದಾಗಿ ಅವರು ಡೈರಿ ಕೇಳಿದರು. ನಮ್ಮ ಕಾನ್‌ಸ್ಟೆಬಲ್ ಒಬ್ಬ ಗೋಡೆಗೆ ಒರಗಿ ಹೊತ್ತು ಹಾಕಿ ಎಲ್ಲಾ ಬರೆದಿದ್ದ. ಸಾಹೇಬರು ಮೊದಲ ಪುಟ ಓದಿ ನನ್ನ ಮುಖ ನೋಡಿದರು. “ಅಂವ ಮೊದಲ ಕೇಳಿದ್ದು ಗಾಡಿ ಅಲ್ಲಲ್ಲೋ. ಮಂದೀನ ಸರಸ್ರಿ ಅಂದಾನ.”

ಇಲ್ಲಿ ಪ್ರಕರಣ ತಿರುಗಿತು. ಅವನಿಗೆ ನಮ್ಮ ಹೆದರಿಕೆ ಇರಲಿಲ್ಲ, ಊರಿನ ಹೆದರಿಕೆ ಇತ್ತು. ಅದು ಸುಳ್ಳು ಹೆದರಿಕೆಯೂ ಅಲ್ಲ. 2020ರ ಜನವರಿಯಲ್ಲಿ ಉತ್ತರ ಪ್ರದೇಶದ ಫರೂಕಾಬಾದ್ ಜಿಲ್ಲೆಯಲ್ಲಿ ಒಬ್ಬ ಮಗಳ ಹುಟ್ಟುಹಬ್ಬದ ನೆಪ ಹೇಳಿ 20ಕ್ಕೂ ಹೆಚ್ಚು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿದ್ದ. ಕೊನೆಗೆ ಪೊಲೀಸರ ಗುಂಡಿಗೆ ಅವನು ಸತ್ತ, ಮಕ್ಕಳು ಉಳಿದರು. ಅವನ ಹೆಂಡತಿ ಮಾತ್ರ ಮಂದಿಯ ಏಟಿಗೆ ಸತ್ತಳು. ನಮ್ಮ ಊರಲ್ಲೂ ಆಗ ಏಳೆಂಟು ನೂರು ಮಂದಿ ಕೂಡಿದ್ದರು. ಹನುಮಪ್ಪನ ಗುಡಿಯ ಮೈಕಿನಲ್ಲಿ ಒಬ್ಬ, “ಹೊರಗ ಬಾ ಮಗನ, ಕಡದು ಹಾಕ್ತೀವಿ” ಅಂತ ಬಿಟ್ಟೂಬಿಡದೆ ಕೂಗುತ್ತಿದ್ದ. ನಾನು ಈ ಕಡೆ “ಹೊರಗ ಬಾರಪಾ, ಏನೂ ಆಗಲ್ಲ” ಅನ್ನುತ್ತಿದ್ದೆ. ಯಾವುದನ್ನು ನಂಬಬೇಕು ಅವನು?

ಮಾಡಿದ್ದು, ಮಾಡದೆ ಬಿಟ್ಟದ್ದು

ಮೈಕು ಬಂದ್ ಮಾಡಿಸಿದೆವು. ಅದೊಂದೇ ಸಲೀಸಾಗಿ ಆದ ಕೆಲಸ.

ಕರೆಂಟ್ ತೆಗೆಯೋಣ ಅಂತ ಮೇಲಿನವರೊಬ್ಬರು ಫೋನಿನಲ್ಲಿ ಹೇಳಿದರು. ಒಳಗಿದ್ದವನ ಮೇಲೆ ಒತ್ತಡ ಬೀಳುತ್ತದಂತೆ. ಲೈನ್‌ಮ್ಯಾನ್‌ಗೆ ಹೇಳಿ ತೆಗೆಸಿದೆವು. ನಮ್ಮ ಕಡೆ ಕರೆಂಟ್ ಹೋಗುವುದು ದಿನಾ ಇದ್ದದ್ದೇ. ಅವನಿಗೆ ಅದು ಪೊಲೀಸ್ ತಂತ್ರ ಅಂತ ಅನಿಸಲೇ ಇಲ್ಲ. ಕತ್ತಲಾಗಿ ನಮಗೇ ಏನೂ ಕಾಣದೆ, 20 ನಿಮಿಷಕ್ಕೆ ವಾಪಸ್ ಹಾಕಿಸಿದೆವು.

ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿಎಆರ್) ವ್ಯಾನ್ ಬಂದ ಮೇಲೆ ನಾಲ್ವರು ಪಕ್ಕದ ಮನೆಯಿಂದ ಮಾಳಿಗೆ ಹತ್ತಿದರು. ಮಣ್ಣಿನ ಮಾಳಿಗೆ ಮೇಲೆ ಕಾಲಿಟ್ಟರೆ ಕೆಳಗೆ ಮಣ್ಣು ಉದುರುತ್ತದೆ. ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಇದು ಗೊತ್ತು. ನಮಗೂ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. ಒಳಗೆ ಸೊಸೆ ಚೀರಿದಳು. ಅವನು ಆಕೆಯ ಕುತ್ತಿಗೆ ಹಿಡಿದಿದ್ದನಂತೆ. ಎಲ್ಲರನ್ನೂ ಇಳಿಸಿದೆವು. ಅಲ್ಲಿಂದ ಮುಂದೆ ಮಾಳಿಗೆಗೆ ನಾನೊಬ್ಬನೇ, ಅದೂ ಹೇಳಿಯೇ ಹೋಗುತ್ತಿದ್ದೆ: “ತಮ್ಮಾ, ನಾ ಮ್ಯಾಲ ಬರ್ಲತ್ತೀನಿ, ಮಣ್ಣ ಬಿದ್ರ ಅಂಜಬ್ಯಾಡ.” ಹಾಗೆ ಹೇಳಿ ಬಂದು, ಏನೂ ಮಾಡದೆ ಇಳಿದು ಹೋಗಿದ್ದು ಮೂರು ಸಲ. ಮೂರನೇ ಸಲಕ್ಕೆ ಅವನ ದನಿ ಬದಲಾಗಿತ್ತು.

ಅಷ್ಟರಲ್ಲಿ ಲೋಕಲ್ ಚಾನೆಲ್‌ನ ಹುಡುಗನೊಬ್ಬ ಸೊಸೆಯ ಮೊಬೈಲ್ ನಂಬರ್ ಗಿಟ್ಟಿಸಿ ಒಳಗೆ ಫೋನ್ ಮಾಡಿಬಿಟ್ಟ. “ಬೆಂಗಳೂರಿಂದ ಕಮಾಂಡೋ ಬರ್ಲತ್ತಾರಂತ, ನಿಮಗ ಏನ ಅನಸ್ತದ?” ಅಂತ ಕೇಳಿದನಂತೆ. ಬೆಂಗಳೂರಿನಿಂದ ನಮ್ಮೂರಿಗೆ 600 ಕಿಲೋಮೀಟರ್. ಯಾವ ಕಮಾಂಡೋ, ಎಲ್ಲಿಯ ಬರೋದು? ಮುಂಬೈ ದಾಳಿಯ ನೇರ ಪ್ರಸಾರ ಮಾಡಿದ ಹಾನಿ ನೋಡಿ, ಭಯೋತ್ಪಾದನೆ ವಿರುದ್ಧದ ಕಾರ್ಯಾಚರಣೆಯನ್ನು ಲೈವ್ ತೋರಿಸಬಾರದೆಂದು 2015ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿ ಬಂತು. ಆದರೆ ಹಳ್ಳಿಯ ದರೋಡೆಕೋರ ಭಯೋತ್ಪಾದಕನಲ್ಲ, ಮೊಬೈಲ್ ಹಿಡಿದ 800 ಮಂದಿ ಕೇಬಲ್ ಟಿವಿಯೂ ಅಲ್ಲ. ನಾನು ಅವನಿಗೆ ನಿಜವನ್ನೇ ಹೇಳಿದೆ: “ಯಾರೂ ಬರಲ್ಲ. ಇಲ್ಲಿರೋರು ನಾವೇ.” ಆ ಫೋನ್ ಸ್ವಿಚ್ ಆಫ್ ಮಾಡು ಅಂದೆ. ಮಾಡಿದ.

ಮಾಡದೆ ಬಿಟ್ಟದ್ದರಲ್ಲಿ ಮುಖ್ಯವಾದದ್ದು ಮಾವನ ವಿಷಯ. ಬೈಕಿನಲ್ಲಿ ಸಿಕ್ಕ ಒಂದು ಚೀಟಿ ಹಿಡಿದು ಒಳಗಿದ್ದವನ ಊರು ಗೊತ್ತಾಗಿತ್ತು. ಅಲ್ಲಿಂದ ಅವನ ಸೋದರಮಾವನನ್ನು ಕರೆತಂದಿದ್ದರು. ಮಾವನ ಕೈಗೆ ಮೈಕು ಕೊಡಿ ಅಂತ ಊರ ಹಿರಿಯರೆಲ್ಲ ಹೇಳಿದರು. ಸಿನಿಮಾದಲ್ಲಿ ತಾಯಿಯೋ ಮಾವನೋ ಕರೆದರೆ ಮಗ ಅಳುತ್ತಾ ಹೊರಗೆ ಬರುತ್ತಾನೆ, ಅಲ್ವಾ? ಸಾಹೇಬರು ಮೊದಲು ಅವರನ್ನು ಜೀಪಿನಲ್ಲಿ ಕೂರಿಸಿ ಚಹಾ ಕೊಟ್ಟು ಹತ್ತು ನಿಮಿಷ ಮಾತಾಡಿಸಿದರು. ಹತ್ತು ನಿಮಿಷದಲ್ಲಿ ಆ ಮನುಷ್ಯ ಅಳಿಯನಿಗೆ ಬೈದಿದ್ದೇ ಬೈದಿದ್ದು. ಹೊಲದ ಜಗಳ, ಕೋರ್ಟು, ಮದುವೆ ಮುರಿದದ್ದು. ಆ ದನಿ ಒಳಗೆ ಕೇಳಿಸಿದ್ದರೆ ಏನಾಗುತ್ತಿತ್ತೋ. ಮಾವನನ್ನು ಜೀಪಿನಲ್ಲೇ ಬಿಟ್ಟೆವು. ಅವರಿಂದ ಪಡೆದದ್ದು ಒಂದೇ, ಮನೆಯಲ್ಲಿ ಅವನನ್ನು ಕರೆಯುವ ಹೆಸರು. ಅದನ್ನೂ ನಾನು ಬಹಳ ಹೊತ್ತು ಬಳಸಲಿಲ್ಲ.

ಬೆಳಕಿಂಡಿ

ಆರೂ ಕಾಲಕ್ಕೆ ಅವನೇ ಕರೆದ. ಮುದುಕಿಗೆ ತಲೆ ತಿರುಗುತ್ತಿದೆ, ಬಿಪಿ ಗುಳಿಗೆ ಪಡಸಾಲೆಯ ಗೂಡಿನಲ್ಲಿಲ್ಲ, ಮುಗಿದಿವೆ. ಅವನ ದನಿಯಲ್ಲಿ ಗಾಬರಿ ಇತ್ತು. ಮುದುಕಿ ಸತ್ತರೆ ಕೊಲೆ ತನ್ನ ತಲೆಗೆ ಬರುತ್ತದೆ ಅಂತ ಅವನಿಗೆ ತಿಳಿದಿತ್ತು. ನನಗೂ ತಿಳಿದಿತ್ತು. ಆಗ ಮೊದಲ ಸಲ ಅವನನ್ನು ಮನೆಯ ಹೆಸರಿನಿಂದ ಕರೆದೆ.

ಪಕ್ಕದ ಮನೆಯವರು ಬಾವಿ ಹಗ್ಗ ಕೊಟ್ಟರು. ಒಂದು ಕರಿ ಕಂಬಳಿಯ ತುಂಡಿನಲ್ಲಿ ಗುಳಿಗೆ, ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬೆಳಕಿಂಡಿಯಿಂದ ಇಳಿಬಿಟ್ಟೆ. ಗಂಟು ಕೆಳಗೆ ತಾಗಿತು, ಹಗ್ಗ ಸಡಿಲವಾಯಿತು. ಒಂದು ಕೈ ಬಂದು ಗಂಟು ಬಿಚ್ಚಿತು. ಬಳೆ ಇದ್ದ ಕೈ. ನಾನು ಹಗ್ಗವನ್ನು ಮೇಲೆ ಎಳೆಯದೆ ಹಾಗೇ ಹಿಡಿದುಕೊಂಡು ಕೂತೆ. ಹತ್ತು ನಿಮಿಷ ಬಿಟ್ಟು ಹೇಳಿದೆ: “ಆಯಿಗೆ ಗುಳಿಗಿ ಕೊಟ್ಟಿ, ಛಲೋ ಮಾಡ್ದಿ. ಕೂಸಿಗೆ ಥಂಡಿ ಆಗ್ತದ. ಕೂಸನ್ನ ಕೊಡು.”

ಬಹಳ ಹೊತ್ತು ಮಾತಿಲ್ಲ. ಆಮೇಲೆ ಚೀಲ ಎಳೆಯುವ ಸದ್ದು. ಸೊಸೆ ತೊಗರಿ ಚೀಲದ ಮೇಲೆ ಚೀಲ ಇಟ್ಟು, ಅದರ ಮೇಲೆ ನಿಂತು ಮಗಳನ್ನು ಎತ್ತಿ ಹಿಡಿದಳು. ನಾನು ಮಾಳಿಗೆ ಮೇಲೆ ಬೋರಲು ಮಲಗಿ ಕೈ ಚಾಚಿದೆ. ಮಣ್ಣು ಬಿದ್ದು ಕೂಸಿನ ತಲೆಯೆಲ್ಲ ಕೆಂಪಾಗಿತ್ತು. 6 ಗಂಟೆ 50 ನಿಮಿಷಕ್ಕೆ ಹುಡುಗಿ ಮೇಲೆ ಬಂದಳು.

ಕೆಳಗೆ ಚಪ್ಪಾಳೆ ಬಿತ್ತು. ಹುಡುಗಿಯನ್ನು ಯಾರೋ ಎತ್ತಿಕೊಂಡರು, ಯಾರೋ ಬಿಸ್ಕಿಟ್ ಕೊಟ್ಟರು, ಯಾರೋ ಫೋಟೋ ತೆಗೆದರು. ನಾನು ಮತ್ತೆ ಬೆಳಕಿಂಡಿಯ ಹತ್ತಿರ ಹೋದೆ.

ಮಂದಿಯನ್ನು ಸರಿಸುತ್ತೇವೆ ಅಂತ ಅವನಿಗೆ ಮಾತು ಕೊಟ್ಟಿದ್ದೆವು. 7 ಗಂಟೆ 10ಕ್ಕೆ ಆ ಕೆಲಸ ಶುರುವಾಯಿತು. ಲಾಠಿ ಬೇಡ ಅಂದರು ಸಾಹೇಬರು. ಊರ ಭಜನಿ ಮಂಡಳಿಯವರನ್ನು ಕರೆಸಿ ಗುಡಿಯಲ್ಲಿ ಭಜನಿ ಹಚ್ಚಿಸಿದರು, ಹಂಡೆ ತುಂಬ ಚಹಾ ಕಾಯಿಸಿದರು. ಥಂಡಿಗೆ ನಡುಗುತ್ತಿದ್ದ ಅರ್ಧ ಊರು ಅಲ್ಲಿಗೆ ಹೋಯಿತು. ಸುತ್ತಲ ಹಳ್ಳಿಗಳಿಂದ ನೋಡಲು ಬಂದವರನ್ನು ಕಳಿಸಲು ಐದು ಟಂಟಂ (ಮಂದಿ ತುಂಬಿಕೊಂಡು ಹೋಗುವ ಮೂರು ಗಾಲಿಯ ಆಟೋ) ತರಿಸಿದೆವು. ಬೇರೆ ಠಾಣೆಯಿಂದ ಬಂದ ಕಾನ್‌ಸ್ಟೆಬಲ್‌ಗಳು, “ನಡೀರಿ, ನಡೀರಿ, ನಿಮ್ಮ ನಿಮ್ಮ ಮನಿಗೆ ನಡೀರಿ” ಅಂತ ಮಂದಿಯನ್ನು ತುಂಬಿ ತುಂಬಿ ಕಳಿಸಿದರು. ಇಷ್ಟು ಸಲೀಸಾಗಿ ಊರು ಖಾಲಿ ಮಾಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಒಬ್ಬ ಮಾಮಾ

7 ಗಂಟೆ 40ಕ್ಕೆ ನಮ್ಮ ಮಹಿಳಾ ಕಾನ್‌ಸ್ಟೆಬಲ್ ಬಂದರು. ಹುಡುಗಿಯ ತಲೆ ಒರೆಸುತ್ತಾ ಸುಮ್ನೆ ಕೇಳಿದ್ದಾರೆ: “ಒಳಗ ಎಷ್ಟ ಮಂದಿ ಅದಾರವ್ವಾ?”

“ಆಯಿ, ಅವ್ವ, ಮಾಮಾ.”

“ಇಬ್ರು ಮಾಮಾ ಅಲ್ಲ?”

“ಒಬ್ಬ ಮಾಮಾ. ಇನ್ನೊಬ್ಬ ಮಾಮಾ ತಿಪ್ಪಿ ಕಡಿ ಓಡಿ ಹ್ವಾದ.”

ಮಾಳಿಗೆಯಿಂದ ಇಳಿದು ಬಂದ ಮಗು 50 ನಿಮಿಷ ನಮ್ಮ ನಡುವೆ ಕೂತಿತ್ತು. ಯಾರೂ ಕೇಳಿರಲಿಲ್ಲ. ಒಳಗಿದ್ದವನು ಅಷ್ಟೂ ಹೊತ್ತು ‘ನಾವು’, ‘ನಮಗ’ ಅಂತಲೇ ಮಾತಾಡಿದ್ದ, ಆಗಾಗ ತಿರುಗಿ ಯಾರನ್ನೋ ಗದರಿದ ಹಾಗೆ ಮಾಡಿದ್ದ. ಅದನ್ನು ನಾವು ನಂಬಿದ್ದೆವು.

2008ರ ಮುಂಬೈ ದಾಳಿಯ ರಾತ್ರಿ ಇದಕ್ಕೆ ಉಲ್ಟಾ ನಡೆದಿತ್ತು. ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಗುಂಡು ಹಾರಿಸಿದ ಇಬ್ಬರು ಅಲ್ಲಿಂದ ಜಾರಿ ಕಾಮಾ ಆಸ್ಪತ್ರೆಗೆ ಹೋದರು, ಪೊಲೀಸ್ ಕ್ವಾಲಿಸ್ ಮೇಲೆ ದಾಳಿ ಮಾಡಿ ಅದನ್ನೇ ಓಡಿಸಿಕೊಂಡು ಹೋದರು, ಆಮೇಲೆ ಸ್ಕೋಡಾ ಕಾರು ಕಿತ್ತುಕೊಂಡರು. ಕ್ವಾಲಿಸ್‌ನ ಹಿಂಭಾಗದಲ್ಲಿ ಗಾಯಗೊಂಡು ಬಿದ್ದಿದ್ದ ಕಾನ್‌ಸ್ಟೆಬಲ್, ಆ ಇಬ್ಬರೂ ಇಳಿದ ಕೂಡಲೇ ವೈರ್‌ಲೆಸ್‌ನಲ್ಲಿ ಸುದ್ದಿ ಕೊಟ್ಟರು. ಗಿರ್ಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಆ ಸ್ಕೋಡಾ ಸಿಕ್ಕಿತು. ಅಲ್ಲಿದ್ದ ಪೊಲೀಸ್ ತುಕಾರಾಂ ಓಂಬ್ಳೆ ಪ್ರಾಣ ಕೊಟ್ಟರು, ಆ ಇಬ್ಬರಲ್ಲಿ ಒಬ್ಬನಾದ ಕಸಬ್ ಜೀವಂತ ಸಿಕ್ಕ. ಅಲ್ಲಿ ನೋಡಿದವರ ಮಾತು ನಾಕಾಬಂದಿಗೆ ಹೊತ್ತಿಗೆ ತಲುಪಿತ್ತು. ನಮ್ಮಲ್ಲಿ ನೋಡಿದವಳು ಬಿಸ್ಕಿಟ್ ತಿನ್ನುತ್ತಿದ್ದಳು.

ಒಳಗೆ ಒಬ್ಬನೇ ಅಂತ ಗೊತ್ತಾದ ಕೂಡಲೇ ಇನ್ನೊಂದು ವಾದ ಎದ್ದಿತು. ಒಂದೇ ಗುಂಡಿನ ಪಿಸ್ತೂಲು, ಒಬ್ಬ ಮನುಷ್ಯ, ಬಾಗಿಲು ಒಡೆದು ನುಗ್ಗೋಣ ಅಂದರು ಡಿಎಆರ್‌ನವರು. ನಾನು ಬೇಡ ಅಂದೆ. ಕಾಯುವುದೇ ಯಾವಾಗಲೂ ಸರಿ ಅಂತ ನಾನು ಹೇಳುವುದಿಲ್ಲ. 2014ರಲ್ಲಿ ಸಿಡ್ನಿಯ ಲಿಂಟ್ ಕೆಫೆಯ ಒತ್ತೆ ಪ್ರಕರಣದಲ್ಲಿ ಪೊಲೀಸರು 16 ತಾಸು ಕಾದರು. ಮೊದಲ ಗುಂಡು ಹಾರಿದ ತಕ್ಷಣ ಒಳಗೆ ನುಗ್ಗಬೇಕಿತ್ತು ಅಂತ ಆಮೇಲೆ ವಿಚಾರಣೆಯಲ್ಲಿ ತೀರ್ಮಾನವಾಯಿತು. ನಮ್ಮ ಲೆಕ್ಕ ಬೇರೆ ಇತ್ತು. ಅವನು ಗುಳಿಗೆ ಕೇಳಿದ್ದಾನೆ, ಕೂಸು ಕೊಟ್ಟಿದ್ದಾನೆ, ತಾಸಿನಿಂದ ತಾಸಿಗೆ ದನಿ ಇಳಿಯುತ್ತಿದೆ. ಇಳಿಯುವ ದನಿಯನ್ನು ಬಾಗಿಲು ಒಡೆದು ಏರಿಸುವುದು ಯಾಕೆ? ಸಾಹೇಬರು ಎರಡಕ್ಕೂ ತಯಾರಿ ಇಟ್ಟರು. ನಾಲ್ವರು ಬಾಗಿಲ ಪಕ್ಕ ಗೋಡೆಗೆ ಅಂಟಿ ನಿಂತರು. ಒಳಗೆ ಗುಂಡಿನ ಸದ್ದಾದರೆ ಯಾರ ಆರ್ಡರಿಗೂ ಕಾಯಬೇಡಿ ಅಂದರು.

ಕಾಯಬೇಕಾಗಿ ಬಂದದ್ದು ಮೂರೂವರೆ ತಾಸು. ಅದರಲ್ಲಿ ಹೆಚ್ಚಿನ ಮಾತು ತೊಗರಿ ರೇಟು, ಅವನ ಹೊಲ, ಎಳ್ಳ ಅಮಾವಾಸ್ಯೆಯ ಭಜ್ಜಿ. ಹೊರಗೆ ಬರುವ ಕ್ರಮವನ್ನು ಮೂರು ಸಲ ಹೇಳಿಸಿ ಒಪ್ಪಿಸಿದೆ. ಮೊದಲು ಪಿಸ್ತೂಲು ಅದೇ ಕಂಬಳಿ ಗಂಟಿನಲ್ಲಿ ಮೇಲೆ ಬರಬೇಕು. ಆಮೇಲೆ ಸೊಸೆ, ಆಮೇಲೆ ಆಯಿ. ಕೊನೆಗೆ ಅವನು, ಎರಡೂ ಕೈ ಕಾಣುವ ಹಾಗೆ. ಬಾಗಿಲಿಗೆ ಜೀಪಿನ ಹಿಂಭಾಗ ಹಚ್ಚಿ ನಿಲ್ಲಿಸುತ್ತೇವೆ, ಮಂದಿಯ ಕೈ ತಾಗುವುದಿಲ್ಲ. 11 ಗಂಟೆ 5 ನಿಮಿಷಕ್ಕೆ ಅವನು ಹೊರಗೆ ಬಂದ. ಇಪ್ಪತ್ತೆರಡು ವರ್ಷದ ಹುಡುಗ. ಮೀಸೆ ಸರಿಯಾಗಿ ಬಂದಿರಲಿಲ್ಲ.

ಟಂಟಂ

ಐದು ದಾರಿಯಲ್ಲಿ ನಾಕಾಬಂದಿ ಇತ್ತು, ಮಧ್ಯಾಹ್ನದಿಂದಲೇ. ಆದರೆ ಅಲ್ಲಿಗೆ ಹೋದ ಮಾತು, “ಇಬ್ಬರು, ಬೈಕ್, ಮುಖಕ್ಕೆ ಟವೆಲ್.” ಬೈಕು ವ್ಯಾಪಾರಿಯ ಮನೆ ಮುಂದೆ ಬಿದ್ದಿತ್ತು. ಟವೆಲ್ ತಿಪ್ಪೆಯಲ್ಲಿ ಸಿಕ್ಕಿತು. ಇಬ್ಬರು ಒಬ್ಬೊಬ್ಬರಾಗಿದ್ದರು. 7 ಗಂಟೆ 40ರ ಮೇಲೆ ಹೊಸ ಮಾತು ಕಳಿಸುವಷ್ಟರಲ್ಲಿ ದಾರಿಯಲ್ಲಿ ಟಂಟಂಗಳೆಲ್ಲ ದಾಟಿ ಹೋಗಿದ್ದವು. ಗಡಿ ಜಿಲ್ಲೆಯಲ್ಲಿ ತಾಸು, ಎರಡು ತಾಸು ಎಂದರೆ ಬೇರೆ ರಾಜ್ಯ. 2025ರ ಜನವರಿಯಲ್ಲಿ ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಹಾಡಹಗಲೇ ಗುಂಡು ಹಾರಿಸಿ ಹಣದ ಪೆಟ್ಟಿಗೆ ಹೊತ್ತೊಯ್ದ ಇಬ್ಬರು, ಅದೇ ದಿನ ಹೈದರಾಬಾದ್‌ನ ಅಫ್ಜಲ್‌ಗಂಜ್‌ನಲ್ಲಿ ಮತ್ತೆ ಗುಂಡು ಹಾರಿಸಿದ್ದು ನೆನಪಿರಬಹುದು.

ಹದಿನೈದು ದಿನದ ಮೇಲೆ ಊರ ಹುಡುಗರ ಮೊಬೈಲ್ ವಿಡಿಯೋಗಳನ್ನೆಲ್ಲ ಕೂಡಿಸಿ ನೋಡಿದೆವು. ಸಂಜೆ 4 ಗಂಟೆ 10ರ ಒಂದು ತುಣುಕು. ನಾನು ಗೋಡೆ ಮರೆಗೆ ನಿಂತು ಕೂಗುತ್ತಿದ್ದೇನೆ. ನನ್ನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಮಂಕಿ ಕ್ಯಾಪ್ ಹಾಕಿದ ಒಬ್ಬ ಕಟ್ಟೆ ಮೇಲೆ ಕೂತಿದ್ದಾನೆ. ಎಲ್ಲರ ಹಾಗೆ ಬಾಗಿಲನ್ನೇ ನೋಡುತ್ತಿದ್ದಾನೆ. ಊರವರಿಗೆ ತೋರಿಸಿದರೆ, ಈತ ಪಕ್ಕದ ಊರವನು ಅಂತ ನಾವು ತಿಳಿದಿದ್ದೆವು ಅಂದರು. ಪಕ್ಕದ ಊರವರು, ಈ ಊರವನು ಅಂತ ತಿಳಿದಿದ್ದರು.

ಎರಡು ವರ್ಷದ ಮೇಲೆ ಬೇರೆ ರಾಜ್ಯದಲ್ಲಿ ಬೇರೆ ಕೇಸಿನಲ್ಲಿ ಸಿಕ್ಕಾಗ ಅವನ ಹೇಳಿಕೆ ನಮಗೂ ಬಂತು. ಯಾಕೆ ಓಡಲಿಲ್ಲ ಅಂತ ಕೇಳಿದ್ದಾರೆ. ಹೊಲದ ತುಂಬ ಬಡಿಗೆ ಹಿಡಿದ ಮಂದಿ ಇದ್ದರು, ಒಬ್ಬನೇ ಹೋಗುವವನನ್ನು ಎಲ್ಲರೂ ತಡೆದು ಕೇಳುತ್ತಿದ್ದರು, ಪೊಲೀಸರ ಹಿಂದೆ ನಿಂತವನನ್ನು ಯಾರೂ ಕೇಳಲಿಲ್ಲ ಅಂದಿದ್ದಾನೆ. ಗುಡಿಯಲ್ಲಿ ಚಹಾ ಕುಡಿದಿದ್ದಾನೆ. ಟಂಟಂ ಹತ್ತಲು ಹಿಂದೆ ಮುಂದೆ ನೋಡುತ್ತಿದ್ದಾಗ ಒಬ್ಬ ಕಾನ್‌ಸ್ಟೆಬಲ್ ಭುಜ ಹಿಡಿದು, “ತಮ್ಮಾ, ಒಳಗ ಸರಿ, ಇನ್ನಿಬ್ರು ಕುಂದರಲಿ” ಅಂತ ಕೂರಿಸಿದರಂತೆ.

ಆ ದಿನದ ಖರ್ಚಿನ ಚೀಟಿ ನನ್ನ ಹತ್ತಿರ ಇನ್ನೂ ಇದೆ. ಚಹಾ ಪುಡಿ, ಸಕ್ಕರೆ, ಹಾಲು. ಕೊನೆಯ ಸಾಲು ನನ್ನದೇ ಅಕ್ಷರ: ಟಂಟಂ 5, ತಲಾ 200, ಒಟ್ಟು 1000 ರೂಪಾಯಿ.